ಓದದಿದ್ದರೆ ಭಾರವಾಗುವ ಶಾಲು

"ಮಹಿಳೆಯರೇ ಮತ್ತು ಮಹನೀಯರೇ!" ಎಂದು ನಮ್ಮ ಯಜಮಾನರು ನಡುಮನೆಯಲ್ಲಿ ನಿಂತು ಕೂಗಿದಾಗ ಅಲ್ಲಿದ್ದ ಮಹಿಳೆ ನಾನೊಬ್ಬಳೇ, ಮಹನೀಯರು ಪಕ್ಕದ ಮನೆಯ ಶಿವಣ್ಣನವರೊಬ್ಬರೇ. ನನ್ನನ್ನು ಸೊಪ್ಪು ಬಿಡಿಸುತ್ತಿದ್ದಲ್ಲಿಂದ ಎಬ್ಬಿಸಿಕೊಂಡು ಬಂದಿದ್ದರು. ಶಿವಣ್ಣನವರು ಏಣಿ ಕೇಳಲು ಬಂದು ಸಿಕ್ಕಿಹಾಕಿಕೊಂಡಿದ್ದರು.

ನಮ್ಮ ಯಜಮಾನರ ಹೆಸರು ಪಂಚಾಕ್ಷರಯ್ಯ. ತುಮಕೂರಿನಲ್ಲೇ ಗಡಿಯಾರದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನಿವೃತ್ತರಾದ ಗಂಡಸರು ವಾಕಿಂಗ್ ಹೋಗುತ್ತಾರೆ, ಮಠಕ್ಕೆ ಹೋಗುತ್ತಾರೆ, ಏನೂ ಇಲ್ಲದಿದ್ದರೆ ಹೆಂಡತಿಯ ಸಾರಿಗೆ ಹೆಸರಿಡುತ್ತಾರೆ. ಇವರು ಯಂತ್ರ ಮಾಡುತ್ತಾರೆ! ಒಮ್ಮೆ ದೋಸೆ ತಿರುವಿ ಹಾಕುವ ಯಂತ್ರ ಮಾಡಿದ್ದರು. ಅದು ತಿರುವಿ ಹಾಕಿದ ದೋಸೆಯ ಎಣ್ಣೆ ಗುರುತು ಇವತ್ತಿಗೂ ಅಡುಗೆಮನೆಯ ಸೂರಿನಲ್ಲಿದೆ.

ಇವತ್ತು ಅವರ ಕೈಯಲ್ಲಿ ಯಂತ್ರ ಕಾಣಲಿಲ್ಲ. ಮೆರೂನ್ ಬಣ್ಣದ, ಜರಿ ಅಂಚಿನ ಒಂದು ಶಾಲು ಇತ್ತು.

"ಏನ್ರೀ ಅದು, ಶಾಲು ತಾನೇ?"

"ಶಾಲಲ್ಲ ಕಣೇ! ವಾಚನಪ್ರೇರಕ ಭಾರವಸ್ತ್ರ!"

"ಶಾಲಿನ ಹಾಗೇ ಇದೆಯಲ್ಲ."

"ನೋಡೋಕೆ ಶಾಲು. ಒಳಗೆಲ್ಲಾ ವಿಜ್ಞಾನ!"

ವಿಷಯ ಇಷ್ಟು. ಫೋನಿನಲ್ಲಿ ಓದುವವರಿಗೆ ಫೀಡ್ ಅಂತ ಒಂದು ಅನುಕೂಲ ಇದೆ. ನಮಗೆ ಬೇಕಾದ ಬ್ಲಾಗುಗಳ, ಜಾಲತಾಣಗಳ ಹೆಸರನ್ನು ಒಂದು ಸಲ ಕೊಟ್ಟರಾಯಿತು. ಅಲ್ಲಿ ಯಾರು ಏನು ಹೊಸದಾಗಿ ಬರೆದರೂ ಅದು ಹಾಲಿನ ಪ್ಯಾಕೆಟ್ಟಿನ ಹಾಗೆ ತಾನಾಗಿ ನಮ್ಮ ಬಾಗಿಲಿಗೆ ಬಂದು ಬೀಳುತ್ತದೆ. ಒಂದೊಂದು ತಾಣಕ್ಕೂ ಹೋಗಿ ಹೊಸದೇನಾದರೂ ಬಂತೇ ಎಂದು ಇಣುಕಿ ನೋಡುವ ಕಷ್ಟವಿಲ್ಲ. ಇದನ್ನು ನನ್ನ ಫೋನಿಗೆ ಹಾಕಿಕೊಟ್ಟವರೂ ಇವರೇ. ತೊಂದರೆ ಏನೆಂದರೆ, ಬರುವುದು ತಾನಾಗಿ ಬರುತ್ತದೆ, ಓದುವುದನ್ನು ಮಾತ್ರ ನಾವೇ ಓದಬೇಕು!

"ಮೊದಲೆಲ್ಲಾ ಓದದ ಪೇಪರು ಮೂಲೇಲಿ ರಾಶಿ ಬೀಳ್ತಿತ್ತು," ಎಂದು ಇವರು ಶಿವಣ್ಣನವರತ್ತ ತಿರುಗಿ ಭಾಷಣ ಶುರುಮಾಡಿದರು. "ಕಣ್ಣಿಗೆ ಕಾಣ್ತಿತ್ತು, ನಾಚ್ಕೆ ಆಗ್ತಿತ್ತು, ಒಂದಿನ ಕೂತು ಓದ್ತಿದ್ವಿ. ಈಗ ಫೋನಲ್ಲಿ ಎಷ್ಟು ಓದದೇ ಬಿಟ್ರೂ ಫೋನಿನ ತೂಕ ಅಷ್ಟೇ! ಅದೇ ಈ ಕಾಲದ ಕಾಯಿಲೆ. ನಾನು ಅದಕ್ಕೆ ತೂಕ ಕೊಟ್ಟಿದೀನಿ!"

ಕೈಗಡಿಯಾರದ ಒಳಗಿರುವಂಥ ಕೂದಲೆಳೆ ತಂತಿಗಳನ್ನು ಶಾಲಿನ ಉದ್ದಕ್ಕೂ ನೇಯ್ದಿದ್ದರಂತೆ. ಕುತ್ತಿಗೆಯ ಬಿಸಿ ತಾಗಿದ ಕೂಡಲೇ ಶಾಲು ಎಚ್ಚರಗೊಂಡು, ಹೊದ್ದವರ ಫೋನನ್ನು ಹುಡುಕಿ, ಫೀಡಿನಲ್ಲಿ ಓದದೇ ಬಿಟ್ಟ ಒಂದೊಂದು ಬರಹಕ್ಕೂ ಭೂಮಿಯ ಸೆಳೆತವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಳ್ಳುತ್ತದಂತೆ. ಓದಿದ ಹಾಗೆಲ್ಲ ಹಗುರ. ಸುಮ್ಮನೆ ಬೆರಳಿನಲ್ಲಿ ತಳ್ಳಿದರೆ ಲೆಕ್ಕಕ್ಕಿಲ್ಲ. ಕುತ್ತಿಗೆಯ ನರ ಹಿಡಿದು ನೋಡುತ್ತದಂತೆ, ನಿಜವಾಗಿ ಓದಿದಿರೋ ಇಲ್ಲವೋ ಅಂತ!

"ನಮ್ದೇನು ಸಾರ್, ಒಂದೆರಡು ಆರೋಗ್ಯದ್ದು, ಒಂದೆರಡು ವಾಸ್ತುದ್ದು, ಅಷ್ಟೇ," ಎಂದು ಶಿವಣ್ಣನವರು ಧೈರ್ಯವಾಗಿ ಶಾಲು ಹೊದ್ದರು.

ಹೊದ್ದವರು ಸೋಫಾದೊಳಕ್ಕೆ ಇಳಿಯತೊಡಗಿದರು. ಮೊದಲು ಸೊಂಟ ಹೋಯಿತು, ಆಮೇಲೆ ಹೊಟ್ಟೆ. ಸೋಫಾದ ಕಾಲು ಲಟ್ಟೆಂದಿತು.

"ಅಯ್ಯೋ ಪಂಚಾಕ್ಷರಯ್ಯನೋರೇ, ಎತ್ರೀ ನನ್ನ!"

"ಎತ್ತೋಕಾಗಲ್ಲ ಸಾರ್. ಓದಿ!"

ಪಾಪ, ಮನೆಯ ಸಂಪು ಯಾವ ಮೂಲೆಯಲ್ಲಿರಬೇಕು ಅನ್ನುವುದರಿಂದ ಹಿಡಿದು ಹಾಗಲಕಾಯಿ ರಸದವರೆಗೆ ಓದಿ ಮುಗಿಸಿದ ಮೇಲೆಯೇ ಮನುಷ್ಯ ಎದ್ದದ್ದು. ಏಣಿ ಕೇಳುವುದನ್ನು ಮರೆತು ಹಾಗೇ ಹೊರಟುಹೋದರು.

"ಈಗ ನೀನು ಬಾ!" ಎಂದರು ಇವರು, ಕಣ್ಣರಳಿಸಿಕೊಂಡು.

"ನನ್ನ ಮೈಗೆ ಅದನ್ನ ತಾಗಿಸಿ ನೋಡಿ! ನಾಳೆಯಿಂದ ನಿಮ್ಮ ಅಡುಗೆ ನೀವೇ ಮಾಡ್ಕೋಬೇಕು!"

ನಾನು ಕೂಗಾಡಿದ್ದಕ್ಕೆ ಕಾರಣ ಇತ್ತು. ನಮ್ಮ ಬಡಾವಣೆಯ ಮಹಿಳಾ ಮಂಡಳಿಗೆ ನಾನು ಕಾರ್ಯದರ್ಶಿ. ನಮ್ಮಲ್ಲಿ ಬರೆಯದವರೇ ಇಲ್ಲ. ಒಬ್ಬರು ವಚನ ಬರೆದರೆ ಒಬ್ಬರು ಪ್ರವಾಸ ಬರೆಯುತ್ತಾರೆ, ನಾನು ಮಂಡಳಿಯ ತಾಣದಲ್ಲಿ ಅಡುಗೆ ಅಂಕಣ ಬರೆಯುತ್ತೇನೆ, ಅಧ್ಯಕ್ಷೆ ಗಂಗಾಂಬಿಕೆಯವರು ಮೊಣಕಾಲು ನೋವಿನ ಬಗ್ಗೆಯೇ ಧಾರಾವಾಹಿ ನಡೆಸುತ್ತಿದ್ದಾರೆ. "ನನ್ನ ಬ್ಲಾಗಿನ ಫೀಡ್ ಹಾಕ್ಕೊಳ್ರೀ" ಎಂದು ಎದುರಿಗೆ ನಿಂತು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಅರಿಶಿನ ಕುಂಕುಮಕ್ಕೆ ಕರೆದರೆ ಹೋಗುವುದಿಲ್ಲವೇ, ಹಾಗೇ ದಾಕ್ಷಿಣ್ಯಕ್ಕೆ ಎಲ್ಲರದ್ದೂ ಹಾಕಿಕೊಂಡೆ. ಬೆಳಿಗ್ಗೆ ಕಾಫಿ ಆದ ಮೇಲೆ "ಎಲ್ಲಾ ಓದಿದೆ" ಎನ್ನುವ ಗುಂಡಿ ಒತ್ತಿ, ಪ್ರತಿಯೊಬ್ಬರ ಕೆಳಗೂ "ತುಂಬಾ ಚೆನ್ನಾಗಿದೆ", "ಅದ್ಭುತ", "ಹೀಗೇ ಬರೆಯುತ್ತಿರಿ" ಎಂದು ಸರದಿಯ ಮೇಲೆ ಹಾಕಿ, ಕುಕ್ಕರ್ ಇಡಲು ಹೋಗುತ್ತಿದ್ದೆ. ಯಾರಿಗೂ ಬೇಜಾರಿಲ್ಲ, ನನಗೂ ಆಯಾಸವಿಲ್ಲ!

ನನ್ನ ಗಲಾಟೆಗೆ ಹೆದರಿ ಇವರು ಶಾಲನ್ನು ಮಡಚಿ ಎಲ್ಲೋ ಇಟ್ಟರು. ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮಾರನೆಯ ವಾರ ಸರ್ವಮಂಗಳಾ ಟೀಚರ್ ಮನೆಗೆ ಬಂದರು. ಹಿಂದಿನ ಬೀದಿಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಮದುವೆಯಾಗಲಿಲ್ಲ, ಒಬ್ಬರೇ ಇರುತ್ತಾರೆ. ನಮ್ಮ ಬಡಾವಣೆಯ ಮರಗಳ ಬಗ್ಗೆ ವಾರಕ್ಕೊಂದು ಸಲ "ಬೀದಿ ನೆರಳು" ಅನ್ನುವ ಬ್ಲಾಗಿನಲ್ಲಿ ಬರೆಯುತ್ತಾರೆ. ಮರಗಳ ಬಗ್ಗೆ ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು, ಅದೂ ತಲೆಬರಹದಿಂದ.

ಕಾಫಿ ಲೋಟ ಹಿಡಿದು ಸಂಕೋಚದಿಂದ ಹೇಳಿದರು: "ದಾಕ್ಷಾಯಣಮ್ಮ, ಬ್ಲಾಗು ಮುಚ್ಚಿಬಿಡೋಣ ಅಂತ ಎಷ್ಟೋ ಸಲ ಅನ್ಸಿತ್ತು. ಯಾರಿಗೆ ಬೇಕು ಹೇಳಿ, ಹೊಂಗೆಮರದ ಕತೆ? ಆದ್ರೆ ಒಂದು ವಾರಾನೂ ತಪ್ಪದೆ ಓದೋರು ನೀವೊಬ್ರು ಇದೀರಲ್ಲ. ನಿಮ್ಮೊಬ್ಬರಿಗೋಸ್ಕರ ಬರೀತಾ ಬಂದೆ. ಮಂಡಳಿ ವಾರ್ಷಿಕೋತ್ಸವದಲ್ಲಿ ನಿಮಗೊಂದು ಸನ್ಮಾನ ಮಾಡ್ಬೇಕು ಅಂತಿದೀನಿ. ಬೇಡ ಅನ್ಬಾರ್ದು."

ನನ್ನ ಕಿವಿ ಬಿಸಿಯಾಯಿತು. ಆಗಲೇ "ಟೀಚರ್, ನಾನು ಓದಿಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿಕೊಂಡು ಹೇಳುವುದಾದರೂ ಹೇಗೆ? ಹೇಳಿದರೆ ನನ್ನ ಮಾನ ಹೋಗುವುದು ಹಾಗಿರಲಿ, ಅವರು ಅವತ್ತೇ ಬರೆಯುವುದನ್ನು ನಿಲ್ಲಿಸಿಬಿಡುತ್ತಿದ್ದರು.

"ಅಯ್ಯೋ, ನನಗ್ಯಾಕೆ ಟೀಚರ್ ಸನ್ಮಾನ!" ಅಂದೆ. ಅವರು ಅದನ್ನು ವಿನಯ ಅಂದುಕೊಂಡರು.

ಕಾರ್ಯಕ್ರಮದ ದಿನದೊಳಗೆ ಎಲ್ಲವನ್ನೂ ಓದಿಬಿಡುವುದು ಎಂದು ಶಪಥ ಮಾಡಿದೆ. ಒಂದು ಮಧ್ಯಾಹ್ನ ಕೂತೆ ಕೂಡ. ಎರಡು ಸಾಲು ಓದುವಷ್ಟರಲ್ಲಿ ಹಪ್ಪಳ ಒಣಗಿಹಾಕಿದ್ದು ನೆನಪಾಯಿತು, ಹಪ್ಪಳ ಮಗುಚಿ ಬರುವಷ್ಟರಲ್ಲಿ ನಿದ್ದೆ ಬಂತು.

ವಾರ್ಷಿಕೋತ್ಸವದ ಹಿಂದಿನ ದಿನ ಗಂಗಾಂಬಿಕೆಯವರ ಫೋನು. "ಟೀಚರ್ ಶಾಲು ತರ್ತೀನಿ ಅಂದ್ರು, ನಾನೇ ಬೇಡ ಅಂದೆ. ನಿಮ್ಮನೇಲಿ ಬೇಕಾದಷ್ಟು ಇರ್ತಾವಲ್ಲ ದಾಕ್ಷಾಯಣಿ, ಒಂದು ಹೊಸದು ನೋಡಿ ತಂದ್ಬಿಡಿ."

ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮೂರಲ್ಲಿ ಸನ್ಮಾನದ ಶಾಲನ್ನು ಯಾರೂ ಹೊದೆಯುವುದಿಲ್ಲ. ಹೆಗಲಿನಿಂದ ಬೀರುವಿಗೆ, ಬೀರುವಿನಿಂದ ಇನ್ನೊಂದು ಹೆಗಲಿಗೆ ಅವು ಸುತ್ತುತ್ತಲೇ ಇರುತ್ತವೆ. ನಮ್ಮ ಮನೆಯಿಂದ ಹೋದ ಶಾಲು ಊರೆಲ್ಲ ತಿರುಗಿ ನಮ್ಮ ಯಜಮಾನರ ಹೆಗಲಿಗೇ ವಾಪಸ್ ಬಂದದ್ದೂ ಉಂಟು. ಎಲ್ಲವೂ ಮೆರೂನ್ ಬಣ್ಣ, ಎಲ್ಲಕ್ಕೂ ಜರಿ ಅಂಚು. ನಾನು ಬೀರು ತೆಗೆದು, ರಾಶಿಯ ಮೇಲಿದ್ದ ಒಂದನ್ನು ಎತ್ತಿ, ಹೊಸದಾಗಿಯೇ ಇದೆಯಲ್ಲ ಎಂದು ಖುಷಿಪಟ್ಟು ಕವರಿಗೆ ಹಾಕಿಕೊಂಡೆ. ಹೌದು, ನನ್ನ ಸನ್ಮಾನದ ಶಾಲನ್ನು ನಾನೇ ಒಯ್ದು ಕೊಟ್ಟೆ!

ಸಮುದಾಯ ಭವನ ತುಂಬಿತ್ತು. ಹಿಂದುಗಡೆಯಿಂದ ಖಾರಾಬಾತಿನ ವಾಸನೆ ಬರುತ್ತಿದ್ದದ್ದರಿಂದ ಯಾರೂ ಎದ್ದು ಹೋಗುವ ಹಾಗಿರಲಿಲ್ಲ. ಇವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ವೇದಿಕೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ರೇಷ್ಮೆ ಸೀರೆ, ಮೈಸೂರು ಮಲ್ಲಿಗೆ, ಮುಖದ ಮೇಲೆ ವಿನಯ. ಟೀಚರ್ ಮೈಕಿನಲ್ಲಿ "ಓದುಗರು ಅಂದ್ರೆ ಇವ್ರು" ಎಂದು ಹೇಳಿ, ಪ್ರೀತಿಯಿಂದ ನನಗೆ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು.

ಹೆಗಲ ಮೇಲೆ ಯಾರೋ ಅಕ್ಕಿಮೂಟೆ ಇಳಿಸಿದ ಹಾಗಾಯಿತು.

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಇದು ಇವರ ಶಾಲು! ಕುರ್ಚಿಯ ಕಾಲುಗಳು ಮೆಲ್ಲಗೆ ನಾಲ್ಕು ದಿಕ್ಕಿಗೂ ಅಗಲವಾಗತೊಡಗಿದವು. ಮುಂದಿನ ಸಾಲಿನಲ್ಲಿ ಇವರು ಶಾಲಿನ ಅಂಚು ನೋಡಿ ಅರ್ಧ ಎದ್ದು ನಿಂತರು.

"ಫೋಟೋ ಆಗ್ಲೇ ಹಾಕ್ಬಿಟ್ಟೆ!" ಎಂದು ಕೆಳಗಿನಿಂದ ಯಾರೋ ಕೂಗಿದರು. ಶಾಲು ಇನ್ನಷ್ಟು ಜಗ್ಗಿತು. ಅಷ್ಟರಲ್ಲಿ ಇನ್ನೊಬ್ಬರು ಕಾರ್ಯಕ್ರಮದ ವರದಿ ಹಾಕಿದರು, ಮತ್ತೊಬ್ಬರು ನನ್ನ ಮೇಲೊಂದು ಕವನವನ್ನೇ ಹಾಕಿದರು. ಗಂಗಾಂಬಿಕೆಯವರು ಇನ್ನೂ ಮಾಡದ ಭಾಷಣವನ್ನು ಆಗಲೇ ಬ್ಲಾಗಿಗೆ ಏರಿಸಿಬಿಟ್ಟರು. ಎಲ್ಲವೂ ಫೀಡಿನಲ್ಲಿ ನನ್ನ ಫೋನಿಗೆ, ಫೋನಿನಿಂದ ನನ್ನ ಹೆಗಲಿಗೆ! ಕವನ ಬಂದಾಗ ಕುರ್ಚಿ ಪಟಾರೆಂದು ಚಪ್ಪಟೆಯಾಯಿತು. ನಾನು ರೇಷ್ಮೆ ಸೀರೆಯ ಸಮೇತ ವೇದಿಕೆಯ ಹಲಗೆಯ ಮೇಲೆ ಕೂತುಬಿಟ್ಟೆ.

ಇವರು ಓಡಿ ಬಂದರು. "ಲೇ ದಾಕ್ಷೀ! ಅದು ನನ್ನ ಭಾರವಸ್ತ್ರ ಕಣೇ! ನಿನಗೆಲ್ಲಿ ಸಿಕ್ತು?"

"ಬೀರುವಲ್ಲಿ ಸನ್ಮಾನದ ಶಾಲುಗಳ ಮೇಲೆ ಯಾರ್ರೀ ಇಡೋಕೆ ಹೇಳಿದ್ದು?"

"ಶಾಲನ್ನ ಶಾಲಿನ ಜೊತೆ ಇಡದೆ ಪಾತ್ರೆ ಜೊತೆ ಇಡ್ಲಾ?"

"ಶಾಲಲ್ಲ ಅಂದಿದ್ರಲ್ಲ ಅವತ್ತು! ಮೊದ್ಲು ತೆಗೀರಿ ಇದನ್ನ!"

ಹಿಡಿದು ಎಳೆದರು. ಗಂಗಾಂಬಿಕೆಯವರೂ ಎಳೆದರು. ಶಿವಣ್ಣನವರು ದೂರದಿಂದಲೇ ಕೈಮುಗಿದರು. ಶಾಲು ಅಲ್ಲಾಡಲಿಲ್ಲ.

"ಇಷ್ಟೊಂದು ತೂಕ ಹೇಗೆ ಬಂತೇ?" ಎಂದು ಇವರು ಬೆರಗಾಗಿ ಕೇಳಿದರು. "ಇಷ್ಟು ಭಾರ ಆಗ್ಬೇಕಾದ್ರೆ ನೀನು ಒಂದೂ ಓದಿರ್ಬಾರ್ದು! ಬ್ಲಾಗು ಶುರುವಾದಾಗಿಂದ ಒಂದೂ!"

ಮೈಕು ಇವರ ಬಾಯಿಯ ಹತ್ತಿರವೇ ಇತ್ತು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಲಗೆ ಆಗಲೇ ಸ್ವಲ್ಪ ಬಿಡುತ್ತಿತ್ತು ಕೂಡ. ಟೀಚರ್ ಕೈಯಲ್ಲಿ ಹಣ್ಣಿನ ತಟ್ಟೆ ಹಿಡಿದು ನಿಂತೇ ಇದ್ದರು. ನಾನು ಅವರತ್ತ ನೋಡಲಿಲ್ಲ. ನೋಡುವ ಮುಖ ಎಲ್ಲಿತ್ತು?

"ಓದೇ!" ಎಂದು ಇವರು ಫೋನನ್ನು ನನ್ನ ಕೈಗೆ ತುರುಕಿದರು. "ಜೋರಾಗಿ ಓದು, ಬೇಗ ಹಗುರ ಆಗತ್ತೆ. ಮೊದ್ಲು ಟೀಚರ್‌ದು."

ನಾನು ಹಲಗೆಯ ಮೇಲೆ ಕೂತು, ಊರಿನವರ ಎದುರು, ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಓದತೊಡಗಿದೆ. ಮೊದಲು ಸೊಸೈಟಿ ಮುಂದಿನ ಹೊಂಗೆಮರದ ಬಗ್ಗೆ ಇತ್ತು. ಸೀಮೆಎಣ್ಣೆಗೆ ಸರದಿ ನಿಂತವರು ಮರದ ಬುಡಕ್ಕೆ ಚೀಲ ಇಟ್ಟು ಮನೆಗೆ ಹೋಗುತ್ತಿದ್ದರಂತೆ, ಮರವೇ ಅವರ ಸರದಿ ಕಾಯುತ್ತಿತ್ತಂತೆ. ಜನ ನಕ್ಕರು. ಆಮೇಲೆ ಶಾಲೆಯ ಹುಡುಗರ ಬಿಳಿ ಅಂಗಿ ಹಾಳುಮಾಡುವ ನೇರಳೆಮರ. ನನಗೇ ನಗು ಬಂತು. ಎಷ್ಟು ಚೆನ್ನಾಗಿ ಬರೆದಿದ್ದಾರೆ! ಹೆಗಲು ಒಂದು ಚೂರು ಹಗುರವಾಯಿತು. ಅದೇ ಉತ್ಸಾಹದಲ್ಲಿ ಮುಂದಿನದಕ್ಕೆ ಹೋದೆ.

"'ನಮ್ಮ ಕಾಂಪೌಂಡಿನ ಸಂಪಿಗೆ ಮರಕ್ಕೆ ನಸುಕಿನಲ್ಲೇ ಒಬ್ಬ ಅತಿಥಿ ಬರುತ್ತಾರೆ. ಮರ್ಯಾದಸ್ಥ ಹೆಂಗಸು. ಉದ್ದನೆಯ ಕೋಲಿಗೆ ಕೊಕ್ಕೆ ಕಟ್ಟಿಕೊಂಡು, ಅತ್ತಿತ್ತ ನೋಡಿ...'"

ನಿಲ್ಲಿಸಿದೆ. ಶಾಲು ಜಗ್ಗಿತು. ಓದಲೇಬೇಕಾಯಿತು.

"'...ಅತ್ತಿತ್ತ ನೋಡಿ, ಹೂವು ಎಳೆದುಕೊಂಡು ಹೋಗುತ್ತಾರೆ. ಅವರಿಗೆ ಮುಜುಗರವಾಗಬಾರದೆಂದು ನಾನು ಕಿಟಕಿ ಮುಚ್ಚಿಕೊಳ್ಳುತ್ತೇನೆ. ಮಂಡಳಿಯ ಸಭೆಯಲ್ಲಿ ಅವರ ಮುಡಿಯಲ್ಲಿ ನನ್ನ ಸಂಪಿಗೆ ನೋಡಿದರೆ ಸಂತೋಷವೇ ಆಗುತ್ತದೆ.'"

ಅದರ ಕೆಳಗೆ ನನ್ನ ಕಮೆಂಟು ಇತ್ತು. ಶಾಲಿಗೆ ಅದೂ ಓದಿನ ಲೆಕ್ಕವೇ. ಓದಿದೆ: "'ನನ್ನ ಮನಸ್ಸಿನ ಮಾತನ್ನೇ ಬರೆದಿದ್ದೀರಿ ಟೀಚರ್!'"

ಭವನದ ಸೂರು ಹಾರುವ ಹಾಗೆ ಜನ ನಕ್ಕರು. ಇವರೂ ನಕ್ಕರು! ಮನೆಗೆ ಬನ್ನಿ, ಆಮೇಲೆ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಳ್ಳಿ ಅನ್ನಿಸಿಕೊಂಡ ಅವಮಾನಕ್ಕಿಂತ, ಆಯಮ್ಮ ನನಗಾಗಿ ಕಿಟಕಿ ಮುಚ್ಚಿಕೊಂಡದ್ದೇ ಹೆಚ್ಚು ಚುಚ್ಚಿತು. ನಗು ನಿಲ್ಲಲಿ ಎಂದು ಬೇಗ ಬೇಗ ಮುಂದಿನದನ್ನು ತೆಗೆದೆ.

"'ಈ ವಾರ ಮರದ ಬಗ್ಗೆ ಬರೆಯಲಾಗುತ್ತಿಲ್ಲ. ಸ್ನಾನದ ಮನೆಯಲ್ಲಿ ಜಾರಿ ಬಿದ್ದೆ. ತೆವಳಿಕೊಂಡು ನಡುಮನೆಯವರೆಗೆ ಬಂದಿದ್ದೇನೆ, ಏಳಲು ಆಗುತ್ತಿಲ್ಲ. ನೆಲದ ಮೇಲಿಂದ ನುಗ್ಗೆಮರದ ಒಂದು ರೆಂಬೆ ಕಾಣುತ್ತದೆ. ಇದನ್ನು ಓದಿದವರು ದಯವಿಟ್ಟು ಬನ್ನಿ. ಬಾಗಿಲಿಗೆ ಚಿಲಕ ಹಾಕಿಲ್ಲ.'"

ಈ ಸಲ ಯಾರೂ ನಗಲಿಲ್ಲ. ಕೆಳಗಿನ ಕಮೆಂಟು ನನಗೆ ಕಾಣುತ್ತಿತ್ತು. ಬಾಯಿಂದ ಹೊರಡಲಿಲ್ಲ. ಶಾಲು ನನ್ನನ್ನು ಬಗ್ಗಿಸಿ ಬಗ್ಗಿಸಿ ಹಣೆಯನ್ನು ಮೊಣಕಾಲಿಗೆ ತಾಗಿಸಿತು. ಆಗ ಮಾತು ಹೊರಬಿತ್ತು.

"'ಅದ್ಭುತ ಅನುಭವ! ಇಂಥವು ಇನ್ನಷ್ಟು ಬರಲಿ!'"

ಟೀಚರ್ ಹಣ್ಣಿನ ತಟ್ಟೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತರು.

"ಫೋನ್ ಯಾಕೆ ಮಾಡ್ಲಿಲ್ಲ ಟೀಚರ್?" ಅಂದೆ.

"ಎಲ್ಲರಿಗೂ ಮನೆಕೆಲಸದ ಹೊತ್ತು, ಯಾಕೆ ತೊಂದ್ರೆ ಕೊಡೋದು ಅನ್ನಿಸ್ತು. ಹೇಗೂ ನೀವು ಓದ್ತೀರಿ, ಓದಿದ ತಕ್ಷಣ ಬರ್ತೀರಿ ಅಂದ್ಕೊಂಡೆ. ಸಂಜೆ ಹೂವಿನ ನಾಗವ್ವ ಬಂದು ಎಬ್ಬಿಸಿದ್ಲು." ನನ್ನ ಕೈಯಲ್ಲಿದ್ದ ಫೋನಿನತ್ತ ಬಗ್ಗಿ ನೋಡಿ ಹೇಳಿದರು: "ಕಮೆಂಟು ನೋಡಿ, ನನ್ನ ನಗಿಸೋಕೆ ಬರೆದಿದೀರಿ ಅಂದ್ಕೊಂಡೆ ಕಣ್ರೀ. ನಕ್ಕೆ ಕೂಡ."

ನಾನು ಅಳತೊಡಗಿದೆ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

ಕೆಳಗೆ ಗುಸುಗುಸು ಶುರುವಾಯಿತು. "ಥೂ, ಓದದೇ ಕಮೆಂಟ್ ಹಾಕ್ತಾರಾ ಯಾರಾದ್ರೂ?" ಎಂದಿತು ಒಂದು ದನಿ. "ಮಂಡಳಿಗೇ ಅವಮಾನ!" ಎಂದು ಗಂಗಾಂಬಿಕೆಯವರು ಗಟ್ಟಿಯಾಗಿಯೇ ಹೇಳಿದರು. "ನಾನಂತೂ ಎಲ್ಲರದ್ದೂ ಅಕ್ಷರ ಬಿಡದೆ ಓದ್ತೀನಪ್ಪ!"

ಇವರಿಗೆ ಅದು ತಡೆಯಲಿಲ್ಲ. ಎಷ್ಟು ಜಗಳವಾಡಿದರೂ, ಹೊರಗಿನವರು ನನ್ನನ್ನು ಅಂದರೆ ಇವರ ಮೂಗು ಕೆಂಪಾಗುತ್ತದೆ. "ಒಬ್ಬಳೇ ಯಾಕೆ ಹೊರ್ಬೇಕು? ಅವಿಭಕ್ತ ಕುಟುಂಬಕ್ಕೆ ಅಂತ ಹೊರೆ ಹಂಚೋ ತಿರುಪು ಇಟ್ಟಿದೀನಿ!" ಎಂದು ಶಾಲಿನ ಕುಚ್ಚಿನಲ್ಲಿ ತಡಕಾಡಿ ಏನನ್ನೋ ತಿರುಗಿಸಿಬಿಟ್ಟರು. ಫೀಡ್ ಹಾಕಿಕೊಂಡು ಓದದವರು ಭವನದಲ್ಲಿ ಯಾರ್‍ಯಾರಿದ್ದರೋ, ಅವರವರ ಪಾಲು ಅವರವರ ಫೋನಿಗೆ ಹೊರಟಿತು.

ಮೊದಲು ಗಂಗಾಂಬಿಕೆಯವರ ವ್ಯಾನಿಟಿ ಬ್ಯಾಗು ಅವರನ್ನು ಎಳೆದುಕೊಂಡೇ ನೆಲಕ್ಕೆ ಕೂತಿತು. ಆಮೇಲೆ ಸಾಲು ಸಾಲಾಗಿ ಶುರುವಾಯಿತು! ತೊಡೆಯ ಮೇಲಿದ್ದ ಫೋನುಗಳು ಒರಳುಕಲ್ಲಿನ ಹಾಗೆ ಕೂತವು. ಪ್ಲಾಸ್ಟಿಕ್ ಕುರ್ಚಿಗಳು ಪಟಪಟನೆ ಕಾಲುಚಾಚಿದವು. "ಅಯ್ಯೋ ನನ್ನ ತೊಡೆ!" "ಅಯ್ಯೋ ನನ್ನ ಜೇಬು!" ಖಾರಾಬಾತಿನ ಕಡೆಗೆ ಮೆಲ್ಲಗೆ ಹೊರಟಿದ್ದವರು ಬಾಗಿಲಲ್ಲೇ ಮಂಡಿಯೂರಿದರು. ಕೊನೆಗೆ ನಮ್ಮ ಯಜಮಾನರೂ ಜುಬ್ಬದ ಜೇಬು ಹಿಡಿದುಕೊಂಡು ನನ್ನ ಪಕ್ಕಕ್ಕೇ ಧೊಪ್ಪನೆ ಬಿದ್ದರು.

"ನಿಮಗೇನ್ರೀ ಆಯ್ತು? ನೀವು ಹಾಕ್ಕೊಂಡಿರೋದು ಮಂಡಳಿ ತಾಣದ ನನ್ನ ಅಡುಗೆ ಅಂಕಣ ಒಂದೇ ಅಲ್ವಾ? ದಿನಾ ಓದ್ತೀನಿ ಅಂತಿದ್ರಿ!"

ಇವರು ಫೋನು ತೆಗೆದು, ಹುರುಳಿಕಾಳು ಬಸ್ಸಾರು ಮಾಡುವ ವಿಧಾನವನ್ನು ಮೊದಲಿನಿಂದ ಓದತೊಡಗಿದರು.

ಸಂಜೆಯವರೆಗೂ ಸಮುದಾಯ ಭವನದಲ್ಲಿ ಗುಣುಗುಣು ಓದುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ವಂದನಾರ್ಪಣೆಯ ಹೊತ್ತು ಮೀರಿದರೂ ಒಬ್ಬರೂ ಏಳಲಿಲ್ಲ, ಖಾರಾಬಾತು ತಣ್ಣಗಾದರೂ ಏಳಲಿಲ್ಲ. ಹಗುರವಾಗಿ ಓಡಾಡುತ್ತಿದ್ದವರು ಟೀಚರ್ ಒಬ್ಬರೇ. ಅವರು ಎಲ್ಲರದ್ದನ್ನೂ ನಿಜವಾಗಿ ಓದಿದ್ದರು, ಮೊಣಕಾಲಿನ ಧಾರಾವಾಹಿಯನ್ನೂ ಕೂಡ! ಪರೀಕ್ಷೆಯ ದಿನ ಓಡಾಡುವ ಹಾಗೆ ಸಾಲುಗಳ ನಡುವೆ ಓಡಾಡುತ್ತಾ, ಯಾರಾದರೂ ನೇರಳೆಮರದ ಹತ್ತಿರ ನಕ್ಕರೆ ನಿಂತು, "ಎಲ್ಲಿ ನಕ್ರಿ? ಯಾವ ಸಾಲು?" ಎಂದು ಕೇಳುತ್ತಿದ್ದರು.

ನನ್ನದು ಮುಗಿಯುವಾಗ ದೀಪ ಹಾಕಿದ್ದರು. ಶಾಲು ತೆಗೆದು ಟೀಚರ್ ಕೈಗೆ ಕೊಟ್ಟೆ. "ಇದಕ್ಕೆ ನಾನು ಯೋಗ್ಯಳಲ್ಲ ಟೀಚರ್. ನೀವು ಬ್ಲಾಗು ಮುಚ್ಚಿದ್ರೆ ಆ ಪಾಪ ನನ್ನದೇ."

ಅವರು ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಇವರು ಟೀಚರ್ ಮನೆಗೆ ಹೋಗಿ ಸ್ನಾನದ ಮನೆಯ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿ ಬಂದರು. ಅದಕ್ಕೆ ಯಾವ ವಿಜ್ಞಾನವನ್ನೂ ಸೇರಿಸಬೇಡಿ ಎಂದು ನಾನು ಮೊದಲೇ ಗದರಿಸಿದ್ದೆ.

ಟೀಚರ್ ಬ್ಲಾಗು ಮುಚ್ಚಲಿಲ್ಲ. ಮಂಡಳಿಯ ಸಭೆಗೆ ಬರುವಾಗ ಆ ಶಾಲನ್ನು ಮಡಚಿ ಎದುರಿಗಿಟ್ಟುಕೊಂಡು ಕೂರುತ್ತಾರೆ. ಯಾರಿಗೂ ಹೊದಿಸುವುದಿಲ್ಲ, ಸುಮ್ಮನೆ ಇಟ್ಟುಕೊಳ್ಳುತ್ತಾರೆ, ಅಷ್ಟೇ. ವಾರಕ್ಕೊಂದು ಬರೆಯುತ್ತಿದ್ದವರು ಈಗ ದಿನಕ್ಕೊಂದು ಬರೆಯುತ್ತಿದ್ದಾರೆ. ಕೇಳಿದರೆ, ಓದುವವರ ಆಸಕ್ತಿ ಇತ್ತೀಚೆಗೆ ತುಂಬಾ ಹೆಚ್ಚಾಗಿದೆ ಅನ್ನುತ್ತಾರೆ.